ರಿಂಗ್ ಬಫರ್ ಹಿಗ್ಗಿಸುವ ಮುನ್ನ: ಈಥರ್ನೆಟ್ ಡ್ರೈವರ್ ಹೊಂದಿಸುವ ಕ್ರಮ

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಇಂಟೆಲ್ 82599 ಚಿಪ್ ಇರುವ 10 ಗಿಗಾಬಿಟ್ ಕಾರ್ಡ್ ಇದೆ. ಡ್ರೈವರ್ ಕರ್ನಲ್ ಜೊತೆಗೇ ಬಂದಿರುವ ಐಎಕ್ಸ್‌ಜಿಬಿಇ. ಹಲವು ಯಂತ್ರಗಳಿಂದ ಏಕಕಾಲಕ್ಕೆ ಬ್ಯಾಕಪ್ ಬರುವಾಗ ವೇಗ 3ರಿಂದ 4 ಗಿಗಾಬಿಟ್ ನಡುವೆಯೇ ನಿಂತುಬಿಡುತ್ತದೆ, ಡ್ರಾಪ್ ಎಣಿಕೆ (ಕಳೆದುಹೋದ ಪ್ಯಾಕೆಟ್‌ಗಳ ಲೆಕ್ಕ) ಏರುತ್ತಲೇ ಹೋಗುತ್ತದೆ. ರಿಂಗ್ ಬಫರನ್ನು (ಬಂದ ಪ್ಯಾಕೆಟ್‌ಗಳು ಕಾಯುವ ಜಾಗ) ಗರಿಷ್ಠಕ್ಕೆ ಏರಿಸಿ, ಇಂಟರಪ್ಟ್ ಮಾಡರೇಶನ್ (ಪ್ರೊಸೆಸರನ್ನು ಕರೆಯುವ ಸಂಕೇತಗಳನ್ನು ತಡೆದು ಕಡಿಮೆ ಮಾಡುವ ವ್ಯವಸ್ಥೆ) ತೆಗೆದುಬಿಡಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಅದರಂತೆ ಇಂಟರಪ್ಟ್‌ಥ್ರಾಟಲ್‌ರೇಟ್ ಸೊನ್ನೆ ಎಂದು ಮಾಡ್ಯೂಲ್ ಆಯ್ಕೆಗಳ ಕಡತದಲ್ಲಿ ಬರೆದೆವು, ಏನೂ ಬದಲಾಗಲಿಲ್ಲ. ಯಾವುದನ್ನು, ಯಾವ ಕ್ರಮದಲ್ಲಿ ಬದಲಿಸಬೇಕು?

ಉತ್ತರ: ಮೊದಲು ಏನೂ ಬದಲಾಗದ ಕಾರಣವನ್ನು ಹೇಳಿಬಿಡುತ್ತೇನೆ. ಇಂಟರಪ್ಟ್‌ಥ್ರಾಟಲ್‌ರೇಟ್ ಎಂಬ ಮಾಡ್ಯೂಲ್ ಆಯ್ಕೆ ಇರುವುದು ಇಂಟೆಲ್ ಪ್ರತ್ಯೇಕವಾಗಿ ವಿತರಿಸುವ ಐಎಕ್ಸ್‌ಜಿಬಿಇ ಡ್ರೈವರ್‌ನಲ್ಲಿ. ಕರ್ನಲ್ ಜೊತೆಗೆ ಬರುವ ಅದೇ ಹೆಸರಿನ ಡ್ರೈವರ್‌ಗೆ ಅದು ಗೊತ್ತೇ ಇಲ್ಲ. ಅಂಥ ಸಾಲನ್ನು ಕಂಡಾಗ ಕರ್ನಲ್ ‘ಅಪರಿಚಿತ ಆಯ್ಕೆ, ಕಡೆಗಣಿಸಲಾಗಿದೆ’ ಎಂಬ ಅರ್ಥದ ಒಂದು ಸಂದೇಶವನ್ನು ಲಾಗ್‌ನಲ್ಲಿ ಬರೆದು ಮುಂದೆ ಹೋಗುತ್ತದೆ, ಅಷ್ಟೆ. 1 ಗಿಗಾಬಿಟ್ ಕಾರ್ಡುಗಳ ಇ1000, ಇ1000ಇ ಡ್ರೈವರ್‌ಗಳಲ್ಲಿ ಮಾತ್ರ ಈ ಆಯ್ಕೆ ಕರ್ನಲ್ ಆವೃತ್ತಿಯಲ್ಲೂ ಇದೆ, ಹಾಗಾಗಿ ಹಳೆಯ ಟಿಪ್ಪಣಿಗಳಿಂದ ಅದು ಎಲ್ಲ ಕಾರ್ಡುಗಳಿಗೂ ನಕಲಾಗುತ್ತ ಬಂದಿದೆ. ನಿಮ್ಮ ಕಾರ್ಡಿಗೆ ಇಂಥ ಎಲ್ಲ ಹೊಂದಾಣಿಕೆಯನ್ನೂ ಈಥ್‌ಟೂಲ್ ಎಂಬ ಆದೇಶದ ಮೂಲಕವೇ ಮಾಡಬೇಕು.

ಆ ಸಾಲು ಕೆಲಸ ಮಾಡದೆ ಹೋದದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ನಿಮಗೆ ಸಿಕ್ಕ ಎರಡು ಸಲಹೆಗಳೂ ಒಂದಕ್ಕೊಂದು ವಿರುದ್ಧ ದಿಕ್ಕಿನವು. ರಿಂಗ್ ಹಿಗ್ಗಿಸುವುದೆಂದರೆ ಪ್ರೊಸೆಸರ್ ತಡವಾಗಿ ಬಂದರೂ ಪ್ಯಾಕೆಟ್‌ಗಳು ಕಾಯುವಂತೆ ಮಾಡುವುದು. ಮಾಡರೇಶನ್ ತೆಗೆಯುವುದೆಂದರೆ ಪ್ರೊಸೆಸರನ್ನು ಮತ್ತೆ ಮತ್ತೆ ಕರೆದು ಅದರ ದುಡಿಮೆಯನ್ನು ಹೆಚ್ಚಿಸುವುದು. ಪ್ರೊಸೆಸರ್ ಈಗಾಗಲೇ ಸೋತಿದ್ದರೆ ಎರಡನೆಯದು ಅದನ್ನು ಇನ್ನಷ್ಟು ಸೋಲಿಸುತ್ತದೆ, ಮೊದಲನೆಯದು ಆ ಸೋಲನ್ನು ಕೆಲವು ಮಿಲಿಸೆಕೆಂಡು ಮುಂದೂಡುತ್ತದೆ. ಆದ್ದರಿಂದ ಪ್ಯಾಕೆಟ್ ಯಾವ ಹಂತದಲ್ಲಿ ಕಳೆದುಹೋಗುತ್ತಿದೆ ಎಂಬುದು ತಿಳಿಯುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ.

ತಂತಿಯಿಂದ ಬಂದ ಫ್ರೇಮ್ ಮೊದಲು ಚಿಪ್‌ನ ಒಳಗಿನ ಎಫ್‌ಐಎಫ್‌ಒ (ಮೊದಲು ಬಂದದ್ದು ಮೊದಲು ಹೊರಡುವ) ಮೆಮೊರಿಯನ್ನು ಸೇರುತ್ತದೆ. 82599ರಲ್ಲಿ ಸ್ವೀಕಾರದ ಕಡೆಗೆ ಇದು 512 ಕಿಲೋಬೈಟ್. ಅಲ್ಲಿಂದ ಪಿಸಿಐ ಎಕ್ಸ್‌ಪ್ರೆಸ್ ಬಸ್ ದಾಟಿ, ಡ್ರೈವರ್ ಮೊದಲೇ ಒದಗಿಸಿಟ್ಟ ಡಿಸ್ಕ್ರಿಪ್ಟರ್‌ಗಳು ತೋರಿಸುವ ಜಾಗಕ್ಕೆ, ಅಂದರೆ ಸರ್ವರ್‌ನ ಮೆಮೊರಿಗೆ, ಡಿಎಂಎ ಮೂಲಕ, ಅಂದರೆ ಪ್ರೊಸೆಸರ್‌ನ ನೆರವಿಲ್ಲದೆ ನೇರವಾಗಿ, ಬಂದು ಬೀಳುತ್ತದೆ. ಈ ಡಿಸ್ಕ್ರಿಪ್ಟರ್‌ಗಳ ವೃತ್ತಾಕಾರದ ಸಾಲೇ ರಿಂಗ್. ಆಮೇಲೆ ಕಾರ್ಡ್ ಇಂಟರಪ್ಟ್ ಕಳಿಸುತ್ತದೆ, ಆ ಕೋರ್ ಇಂಟರಪ್ಟನ್ನು ತಾತ್ಕಾಲಿಕವಾಗಿ ಮುಚ್ಚಿ, ನಾಪಿ ಎಂಬ ವ್ಯವಸ್ಥೆಯ ಮೂಲಕ ರಿಂಗಿನಿಂದ ಒಂದು ಸರದಿಗೆ 64ರಂತೆ ಪ್ಯಾಕೆಟ್‌ಗಳನ್ನು ಎತ್ತಿಕೊಂಡು ಟಿಸಿಪಿ ಪದರಕ್ಕೆ ದಾಟಿಸುತ್ತದೆ, ಅಲ್ಲಿಂದ ಸಾಕೆಟ್‌ನ ಬಫರಿಗೆ, ಕೊನೆಗೆ ಬ್ಯಾಕಪ್ ತಂತ್ರಾಂಶಕ್ಕೆ. ಈ ದಾರಿಯ ಯಾವ ತಿರುವಿನಲ್ಲಿ ಬೇಕಾದರೂ ಡ್ರಾಪ್ ಆಗಬಹುದು, ಮತ್ತು ಪ್ರತಿ ತಿರುವಿಗೂ ಬೇರೆ ಬೇರೆ ಕೌಂಟರ್ ಇದೆ.

ಈಥ್‌ಟೂಲ್‌ಗೆ ದೊಡ್ಡ ಅಕ್ಷರದ ಎಸ್ ಕೊಟ್ಟರೆ ಕೌಂಟರ್‌ಗಳ ಉದ್ದನೆಯ ಪಟ್ಟಿ ಬರುತ್ತದೆ. ಇಲ್ಲೊಂದು ಎಚ್ಚರಿಕೆ: ಈ ಉಪಕರಣದಲ್ಲಿ ಸಾಮಾನ್ಯವಾಗಿ ಸಣ್ಣ ಅಕ್ಷರ ಇರುವುದನ್ನು ತೋರಿಸುತ್ತದೆ, ದೊಡ್ಡ ಅಕ್ಷರ ಬದಲಿಸುತ್ತದೆ, ಎಸ್ ವಿಷಯದಲ್ಲಿ ಮಾತ್ರ ಇದು ತಿರುವುಮುರುವು. ಸಣ್ಣ ಎಸ್ ವೇಗ, ಡ್ಯೂಪ್ಲೆಕ್ಸ್ ಮುಂತಾದವನ್ನು ಬದಲಿಸುವ ಆಯ್ಕೆ. ಬ್ಯಾಕಪ್ ನಡೆಯುತ್ತಿರುವಾಗ ಈ ಪಟ್ಟಿಯನ್ನು ಕೆಲವು ಸೆಕೆಂಡುಗಳ ಅಂತರದಲ್ಲಿ ಎರಡು ಬಾರಿ ತೆಗೆದುಕೊಂಡು ವ್ಯತ್ಯಾಸ ನೋಡಿ. ಒಟ್ಟು ಮೊತ್ತಕ್ಕೆ ಅರ್ಥವಿಲ್ಲ, ಏಕೆಂದರೆ ಅದು ಎಂದೋ ಆದ ಡ್ರಾಪನ್ನೂ ಸೇರಿಸಿಕೊಂಡಿರುತ್ತದೆ.

ಆರ್‌ಎಕ್ಸ್ (ಸ್ವೀಕಾರ) ಸಿಆರ್‌ಸಿ ಎರರ್ಸ್, ಅಂದರೆ ದಾರಿಯಲ್ಲಿ ಕೆಟ್ಟುಬಂದ ಫ್ರೇಮ್‌ಗಳ ಎಣಿಕೆ, ಏರುತ್ತಿದ್ದರೆ ಡ್ರೈವರನ್ನು ಮರೆತುಬಿಡಿ. ಅದು ಕೇಬಲ್, ಕನೆಕ್ಟರ್ ಅಥವಾ ಆಪ್ಟಿಕಲ್ ಮಾಡ್ಯೂಲ್‌ನ ದೋಷ, ಅದನ್ನು ಸರಿಪಡಿಸುವ ಸೆಟ್ಟಿಂಗ್ ಯಾವುದೂ ಇಲ್ಲ. ಆರ್‌ಎಕ್ಸ್ ನೋ ಡಿಎಂಎ ರಿಸೋರ್ಸಸ್ ಏರುತ್ತಿದ್ದರೆ ರಿಂಗ್‌ನಲ್ಲಿ ಖಾಲಿ ಡಿಸ್ಕ್ರಿಪ್ಟರ್ ಇರಲಿಲ್ಲ, ಅಂದರೆ ಪ್ರೊಸೆಸರ್ ಸಕಾಲಕ್ಕೆ ರಿಂಗನ್ನು ತೆರವು ಮಾಡಲಿಲ್ಲ ಎಂದರ್ಥ. ಆರ್‌ಎಕ್ಸ್ ಮಿಸ್ಡ್ ಎರರ್ಸ್ ಏರುತ್ತಿದ್ದರೆ ಚಿಪ್‌ನ ಎಫ್‌ಐಎಫ್‌ಒ ತುಂಬಿ ಹರಿದಿದೆ. ಇದಕ್ಕೆ ಬಸ್ ಕಿರಿದಾಗಿರುವುದು ಒಂದು ಕಾರಣ. ಆದರೆ ಈ ಎರಡು ಕೌಂಟರ್‌ಗಳನ್ನು ಓದುವಾಗ ಡ್ರೈವರ್‌ನ ಒಂದು ನಡವಳಿಕೆ ನೆನಪಿರಬೇಕು. ಹಲವು ಕ್ಯೂಗಳಿದ್ದು (ತನ್ನದೇ ರಿಂಗ್ ಇರುವ ಪ್ರತ್ಯೇಕ ಸರದಿಗಳು), ಕಾರ್ಡು ತಾನಾಗಿ ಪಾಸ್ ಫ್ರೇಮ್ (ಸ್ವಲ್ಪ ಹೊತ್ತು ಕಳಿಸುವುದನ್ನು ನಿಲ್ಲಿಸಿ ಎಂದು ಎದುರಿನ ಸ್ವಿಚ್‌ಗೆ ಹೇಳುವ ಸಂದೇಶ) ಕಳಿಸುವ ಅನುಮತಿ ಇಲ್ಲದಿದ್ದಾಗ ಮಾತ್ರ ಐಎಕ್ಸ್‌ಜಿಬಿಇ ತುಂಬಿದ ರಿಂಗಿನ ಪ್ಯಾಕೆಟನ್ನು ಅಲ್ಲೇ ಬಿಡುವಂತೆ ಚಿಪ್‌ಗೆ ಹೇಳುತ್ತದೆ. ಪಾಸ್ ಕಳಿಸುವುದು ಚಾಲನೆಯಲ್ಲಿದ್ದರೆ ಅಥವಾ ಒಂದೇ ಕ್ಯೂ ಇದ್ದರೆ ಪ್ಯಾಕೆಟ್ ಎಫ್‌ಐಎಫ್‌ಒದಲ್ಲೇ ಕಾಯುತ್ತದೆ, ಅದರ ಹಿಂದಿನ ಎಲ್ಲ ಪ್ಯಾಕೆಟ್‌ಗಳೂ, ಅವುಗಳ ರಿಂಗ್ ಖಾಲಿ ಇದ್ದರೂ, ಕಾಯಬೇಕಾಗುತ್ತದೆ. ಆಗ ಪ್ರೊಸೆಸರ್‌ನ ದೋಷವೂ ಮಿಸ್ಡ್ ಎಂಬ ಲೆಕ್ಕಕ್ಕೇ ಬೀಳುತ್ತದೆ. ಸಣ್ಣ ಅಕ್ಷರದ ಎ ಆಯ್ಕೆಯಿಂದ ಪಾಸ್ ಸ್ಥಿತಿ ನೋಡಿಕೊಂಡು ಆಮೇಲೆ ತೀರ್ಮಾನಕ್ಕೆ ಬನ್ನಿ.

ನೀವು ಹೇಳಿದ 3ರಿಂದ 4 ಗಿಗಾಬಿಟ್ ಎಂಬ ಅಂಕಿಯೇ ನನ್ನ ಮೊದಲ ಅನುಮಾನವನ್ನು ಬಸ್ಸಿನ ಕಡೆಗೆ ತಿರುಗಿಸುತ್ತದೆ. 82599 ಪಿಸಿಐ ಎಕ್ಸ್‌ಪ್ರೆಸ್ 2.0ರ ಎಂಟು ಲೇನ್‌ಗಳ ಚಿಪ್. ಈ ಪೀಳಿಗೆಯಲ್ಲಿ ಒಂದು ಲೇನ್ ಸೆಕೆಂಡಿಗೆ 5 ಗಿಗಾ ವರ್ಗಾವಣೆ ಮಾಡುತ್ತದೆ, ಅದರಲ್ಲಿ ಪ್ರತಿ 10 ಬಿಟ್‌ಗೆ 8 ಮಾತ್ರ ದತ್ತಾಂಶವಾದ್ದರಿಂದ ಉಳಿಯುವುದು 4 ಗಿಗಾಬಿಟ್; ಬಸ್ಸಿನ ತನ್ನದೇ ಶಿರೋಲೇಖಗಳನ್ನು ಕಳೆದರೆ ಇನ್ನೂ ಕಡಿಮೆ. ಕಾರ್ಡ್ ಒಂದೇ ಲೇನ್‌ನಲ್ಲಿ ಕೂತಿದ್ದರೆ ನಿಮಗೆ ಕಾಣುವ ಮಿತಿ ಸರಿಯಾಗಿ ಇದೇ. ಸ್ಲಾಟ್ ನೋಡಲು ಎಂಟು ಲೇನ್ ಉದ್ದವಿದ್ದು ಒಳಗೆ ಕಡಿಮೆ ಲೇನ್‌ಗಳಿಗಷ್ಟೇ ತಂತಿ ಇರುವ ಮದರ್‌ಬೋರ್ಡ್‌ಗಳು ಅಪರೂಪವೇನಲ್ಲ. ಸರಿಯಾಗಿ ಕೂರದ ಕಾರ್ಡ್ ಕೂಡ ಕಡಿಮೆ ಲೇನ್‌ಗಳಿಗೆ ಇಳಿಯುತ್ತದೆ. ಎಲ್‌ಎಸ್‌ಪಿಸಿಐ ಆದೇಶವನ್ನು ಎರಡು ವಿ ಆಯ್ಕೆಯೊಂದಿಗೆ ನಿರ್ವಾಹಕನ ಅಧಿಕಾರದಲ್ಲಿ ಚಲಾಯಿಸಿ, ಲಿಂಕ್‌ನ ಸಾಮರ್ಥ್ಯ ಹೇಳುವ ಸಾಲನ್ನೂ ಈಗಿನ ಸ್ಥಿತಿ ಹೇಳುವ ಸಾಲನ್ನೂ ಹೋಲಿಸಿ ನೋಡಿ. ಡ್ರೈವರ್ ಲೋಡ್ ಆಗುವಾಗಲೂ ಬಸ್ಸಿನಲ್ಲಿ ಇಷ್ಟೇ ಗಿಗಾಬಿಟ್ ಲಭ್ಯ, ಇಂಥ ಲಿಂಕ್‌ನಿಂದಾಗಿ ಅದು ಮಿತಿಗೊಂಡಿದೆ ಎಂಬ ಸಾಲನ್ನು ಕರ್ನಲ್ ಲಾಗ್‌ನಲ್ಲಿ ಬರೆಯುತ್ತದೆ. ಅದನ್ನು ಯಾರೂ ಓದುವುದಿಲ್ಲ ಎಂಬುದು ಬೇರೆ ಮಾತು. ಇಲ್ಲಿ ಕೊರತೆ ಕಂಡರೆ ಕಾರ್ಡನ್ನು ಬೇರೆ ಸ್ಲಾಟ್‌ಗೆ ಹಾಕಿ, ಈ ಉತ್ತರದ ಉಳಿದ ಭಾಗ ನಿಮಗೆ ಬೇಕಾಗದೆಯೂ ಇರಬಹುದು.

ಬಸ್ ಸರಿಯಿದ್ದರೆ ಮುಂದಿನ ಅನುಮಾನ ಒಂದೇ ಕೋರ್‌ನ ಮೇಲೆ ಹೊರೆ ಬೀಳುತ್ತಿರುವುದು. ಟಾಪ್ ತಂತ್ರಾಂಶದಲ್ಲಿ ಕೋರ್‌ಗಳನ್ನು ಬಿಡಿಸಿ ನೋಡಿದಾಗ ಒಂದು ಕೋರ್ ಮಾತ್ರ ಸಾಫ್ಟ್‌ಐಆರ್‌ಕ್ಯೂನಲ್ಲಿ (ಇಂಟರಪ್ಟ್ ನಂತರ ಪ್ಯಾಕೆಟ್ ಎತ್ತುವ ಕರ್ನಲ್‌ನ ಕೆಲಸ) ನೂರಕ್ಕೆ ನೂರು ಮುಳುಗಿ, ಉಳಿದವು ಸುಮ್ಮನೆ ಕೂತಿದ್ದರೆ ಅನುಮಾನ ಖಚಿತ. ಕಾರ್ಡ್ ಬಂದ ಪ್ಯಾಕೆಟ್‌ಗಳ ವಿಳಾಸ ಮತ್ತು ಪೋರ್ಟ್‌ಗಳಿಂದ ಟೋಪ್ಲಿಟ್ಸ್ ಎಂಬ ಹ್ಯಾಶ್ ಲೆಕ್ಕಹಾಕಿ, 128 ನಮೂದುಗಳ ಕೋಷ್ಟಕವೊಂದನ್ನು ನೋಡಿ, ಯಾವ ಕ್ಯೂಗೆ ಕಳಿಸಬೇಕೆಂದು ನಿರ್ಧರಿಸುತ್ತದೆ. ಆರ್‌ಎಸ್‌ಎಸ್ ಎನ್ನುವುದು ಇದನ್ನೇ. ಈಥ್‌ಟೂಲ್‌ನ ಸಣ್ಣ ಅಕ್ಷರದ ಎಲ್ ಎಷ್ಟು ಕ್ಯೂಗಳಿವೆ ಎಂದು ತೋರಿಸುತ್ತದೆ, ಸಣ್ಣ ಎಕ್ಸ್ ಆ ಕೋಷ್ಟಕವನ್ನು ತೋರಿಸುತ್ತದೆ, ಪ್ರಾಕ್ ಅಡಿಯ ಇಂಟರಪ್ಟ್ಸ್ ಕಡತ ಯಾವ ಕ್ಯೂನ ಇಂಟರಪ್ಟ್ ಯಾವ ಕೋರ್‌ಗೆ ಹೋಗುತ್ತಿದೆ ಎಂದು ಹೇಳುತ್ತದೆ. ಇಂಟರಪ್ಟ್‌ಗಳನ್ನು ಕೋರ್‌ಗಳಿಗೆ ಹಂಚುವ ಐಆರ್‌ಕ್ಯೂಬ್ಯಾಲೆನ್ಸ್ ಸೇವೆ ನಿಂತುಹೋಗಿ ಎಲ್ಲ ಕ್ಯೂಗಳ ಇಂಟರಪ್ಟೂ ಒಂದೇ ಕೋರ್‌ಗೆ ಸೇರುತ್ತಿರುವುದು ನಾವು ಎಣಿಸುವುದಕ್ಕಿಂತ ಸಾಮಾನ್ಯ.

ಒಂದು ಟಿಸಿಪಿ ಸಂಪರ್ಕ ಎಂದೆಂದಿಗೂ ಒಂದೇ ಹ್ಯಾಶ್, ಹಾಗಾಗಿ ಒಂದೇ ಕ್ಯೂ, ಒಂದೇ ಕೋರ್. ನಿಮ್ಮ ಬ್ಯಾಕಪ್ ಹಲವು ಯಂತ್ರಗಳಿಂದ ಬರುತ್ತಿದ್ದರೂ ಪ್ರತಿಯೊಂದೂ ಒಂದೊಂದೇ ಸಂಪರ್ಕ ತೆರೆದಿದ್ದರೆ, ನಾಲ್ಕಾರು ಸಂಪರ್ಕಗಳಲ್ಲಿ ಎರಡು ಮೂರು ಒಂದೇ ಕ್ಯೂಗೆ ಬಂದು ಬೀಳುವ ಸಾಧ್ಯತೆ ಧಾರಾಳವಾಗಿದೆ. ಇದಕ್ಕೆ ಒಳ್ಳೆಯ ಮದ್ದು ಕ್ಯೂಗಳನ್ನು ಹೆಚ್ಚಿಸುವುದಲ್ಲ, ಬ್ಯಾಕಪ್ ತಂತ್ರಾಂಶದಲ್ಲೇ ಸಮಾನಾಂತರ ಸಂಪರ್ಕಗಳನ್ನು ಹೆಚ್ಚಿಸುವುದು. ಯುಡಿಪಿ ಬಳಸುವವರಿಗೆ ಇನ್ನೊಂದು ತೊಡಕಿದೆ: ಐಎಕ್ಸ್‌ಜಿಬಿಇ ಯುಡಿಪಿಗೆ ವಿಳಾಸಗಳನ್ನಷ್ಟೇ ಹ್ಯಾಶ್ ಮಾಡುತ್ತದೆ, ಪೋರ್ಟ್‌ಗಳನ್ನಲ್ಲ, ಹಾಗಾಗಿ ಎರಡು ಯಂತ್ರಗಳ ನಡುವಿನ ಯುಡಿಪಿಯೆಲ್ಲ ಒಂದೇ ಕ್ಯೂ ಸೇರುತ್ತದೆ. ತುಂಡಾದ ಪ್ಯಾಕೆಟ್‌ಗಳಲ್ಲಿ ಮೊದಲ ತುಂಡಿಗೆ ಮಾತ್ರ ಪೋರ್ಟ್ ಇರುವುದರಿಂದ ಕ್ರಮ ತಪ್ಪದಿರಲಿ ಎಂದು ಈ ಎಚ್ಚರಿಕೆ. ತುಂಡಾಗುವ ಪ್ಯಾಕೆಟ್ ನಿಮ್ಮಲ್ಲಿ ಇಲ್ಲದಿದ್ದರೆ ದೊಡ್ಡ ಅಕ್ಷರದ ಎನ್ ಆಯ್ಕೆಯಿಂದ ಪೋರ್ಟ್‌ಗಳನ್ನೂ ಸೇರಿಸಬಹುದು.

ಎರಡು ಪ್ರೊಸೆಸರ್ ಇರುವ ಸರ್ವರ್‌ನಲ್ಲಿ ಕಾರ್ಡಿನ ಸ್ಲಾಟ್ ಒಂದು ಪ್ರೊಸೆಸರ್‌ಗೆ ಮಾತ್ರ ನೇರವಾಗಿ ಜೋಡಿಸಿರುತ್ತದೆ. ಸಿಸ್ ಕಡತವ್ಯವಸ್ಥೆಯಲ್ಲಿ ಆ ಸಾಧನದ ನ್ಯೂಮಾ ನೋಡ್ (ಒಂದು ಪ್ರೊಸೆಸರ್ ಮತ್ತು ಅದರ ಹತ್ತಿರದ ಮೆಮೊರಿ) ಕಡತ ಅದು ಯಾವುದೆಂದು ಹೇಳುತ್ತದೆ. ಕ್ಯೂಗಳನ್ನು ಆ ನೋಡ್‌ನ ಕೋರ್‌ಗಳಷ್ಟೇ ಇಟ್ಟು, ಇಂಟರಪ್ಟ್‌ಗಳನ್ನು ಅಲ್ಲಿಗೇ ಕಟ್ಟಿಹಾಕಿ, ಸಾಧ್ಯವಾದರೆ ಬ್ಯಾಕಪ್ ತಂತ್ರಾಂಶವನ್ನೂ ಅದೇ ನೋಡ್‌ನಲ್ಲಿ ಓಡಿಸಿ. ಕೈಯಾರೆ ಕಟ್ಟುವುದಾದರೆ ಐಆರ್‌ಕ್ಯೂಬ್ಯಾಲೆನ್ಸನ್ನು ನಿಲ್ಲಿಸಿ ಅಥವಾ ಆ ಇಂಟರಪ್ಟ್‌ಗಳನ್ನು ಬಿಟ್ಟುಬಿಡುವಂತೆ ಅದಕ್ಕೆ ತಿಳಿಸಿ, ಇಲ್ಲವಾದರೆ ನೀವು ಕಟ್ಟಿದ್ದನ್ನು ಅದು ಬಿಚ್ಚುತ್ತದೆ.

ಈಗ ರಿಂಗಿನ ಮಾತಿಗೆ ಬರೋಣ. ತೂಬು ಸಣ್ಣದಿದ್ದರೆ ಕೆರೆಯನ್ನು ಎಷ್ಟು ಹಿಗ್ಗಿಸಿದರೂ ಹೊರಹರಿವು ಹೆಚ್ಚುವುದಿಲ್ಲ. ರಿಂಗ್ ಕೂಡ ಕಾಲವನ್ನು ಕೊಡುತ್ತದೆಯೇ ಹೊರತು ವೇಗವನ್ನಲ್ಲ. ಎಷ್ಟು ಕಾಲ ಎಂದು ಲೆಕ್ಕ ಹಾಕಬಹುದು. 1500 ಬೈಟ್‌ಗಳ ಪೂರ್ಣ ಪ್ಯಾಕೆಟ್ ಶಿರೋಲೇಖ, ಸಿಆರ್‌ಸಿ, ಮುನ್ಸೂಚಕ ಬಿಟ್‌ಗಳು, ಎರಡು ಫ್ರೇಮ್ ನಡುವಿನ ಅಂತರ ಎಲ್ಲ ಸೇರಿ ತಂತಿಯ ಮೇಲೆ 1538 ಬೈಟ್ ಆಗುತ್ತದೆ. 10 ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 8,12,700 ಇಂಥ ಫ್ರೇಮ್‌ಗಳು ಬರಬಲ್ಲವು. ಡ್ರೈವರ್ ಮೊದಲಿಗೆ ಇಡುವ 512 ಡಿಸ್ಕ್ರಿಪ್ಟರ್‌ಗಳು, ಎಲ್ಲ ಪ್ಯಾಕೆಟ್‌ಗಳೂ ಒಂದೇ ಕ್ಯೂಗೆ ಬಂದರೆ, 630 ಮೈಕ್ರೋಸೆಕೆಂಡಿನಲ್ಲಿ ತುಂಬುತ್ತವೆ. 4096 ಇಟ್ಟರೆ 5 ಮಿಲಿಸೆಕೆಂಡು. ಇದೇ 64 ಬೈಟ್‌ಗಳ ಕಿರಿಯ ಫ್ರೇಮ್ ಆದರೆ ಸೆಕೆಂಡಿಗೆ 1 ಕೋಟಿ 48 ಲಕ್ಷಕ್ಕೂ ಹೆಚ್ಚು ಬರುತ್ತವೆ, ಆಗ 512ರ ರಿಂಗ್ 34 ಮೈಕ್ರೋಸೆಕೆಂಡು, 4096ರದ್ದು 275 ಮೈಕ್ರೋಸೆಕೆಂಡು ತಾಳುತ್ತದೆ. ಕೋರ್ ಬೇರೆ ಕೆಲಸದಲ್ಲಿ ಸಿಲುಕಿ ಆಗಾಗ ಒಂದು ಮಿಲಿಸೆಕೆಂಡು ತಡಮಾಡುತ್ತಿದ್ದರೆ ದೊಡ್ಡ ರಿಂಗ್ ನಿಜಕ್ಕೂ ನೆರವಾಗುತ್ತದೆ. ಕೋರ್ ಇಡೀ ಹೊತ್ತೂ ಸೋತೇ ಇದ್ದರೆ 5 ಮಿಲಿಸೆಕೆಂಡಿನ ನಂತರ ಡ್ರಾಪ್ ಮೊದಲಿನಂತೆಯೇ ಮುಂದುವರಿಯುತ್ತದೆ, ಜೊತೆಗೆ ಪ್ರತಿ ಪ್ಯಾಕೆಟ್‌ಗೂ ಆ 5 ಮಿಲಿಸೆಕೆಂಡಿನ ವಿಳಂಬ ಅಂಟಿಕೊಳ್ಳುತ್ತದೆ.

ದೊಡ್ಡ ರಿಂಗ್‌ಗೆ ಬೆಲೆಯೂ ಇದೆ. ಡಿಸ್ಕ್ರಿಪ್ಟರ್ ಒಂದಕ್ಕೆ 2 ಕಿಲೋಬೈಟ್ ಬಫರ್ ಎಂದಿಟ್ಟುಕೊಂಡರೂ 4096ಕ್ಕೆ 8 ಮೆಗಾಬೈಟ್ ಆಗುತ್ತದೆ, 16 ಕ್ಯೂಗಳಿಗೆ 128 ಮೆಗಾಬೈಟ್. ಮೆಮೊರಿ ಹೋದರೆ ಹೋಗಲಿ ಎನ್ನಬಹುದು, ಆದರೆ ರಿಂಗ್ ಸುತ್ತುತ್ತ ಹೋಗುವಾಗ ಪ್ರತಿ ಸಲವೂ ಹೊಸ ಜಾಗವನ್ನೇ ಮುಟ್ಟುವುದರಿಂದ ಅಷ್ಟೂ ಬಫರ್‌ಗಳು ಪ್ರೊಸೆಸರ್‌ನ ಕ್ಯಾಶ್‌ನಲ್ಲಿ ಹಿಡಿಯುವುದಿಲ್ಲ, ಪ್ಯಾಕೆಟ್ ಓದುವ ಕೆಲಸವೇ ನಿಧಾನವಾಗುತ್ತದೆ. ಹಾಗಾಗಿ 512ರಿಂದ 1024ಕ್ಕೆ, ಬೇಕಾದರೆ 2048ಕ್ಕೆ ಏರಿಸಿ ಪ್ರತಿ ಹಂತದಲ್ಲೂ ಕೌಂಟರ್ ನೋಡುವುದು ಒಳ್ಳೆಯದು. ಬದಲಿಸುವುದು ದೊಡ್ಡ ಅಕ್ಷರದ ಜಿ ಆಯ್ಕೆಯಿಂದ. ಆ ಕ್ಷಣದಲ್ಲಿ ಡ್ರೈವರ್ ರಿಂಗ್‌ಗಳನ್ನು ಕಳಚಿ ಮತ್ತೆ ಕಟ್ಟುವುದರಿಂದ ಸಂಪರ್ಕ ಸ್ವಲ್ಪ ಹೊತ್ತು ಕಡಿಯಬಹುದು; ದೂರದಿಂದ ಅದೇ ಕಾರ್ಡಿನ ಮೂಲಕ ಲಾಗಿನ್ ಆಗಿದ್ದರೆ ಎಚ್ಚರ.

ಇಂಟರಪ್ಟ್ ಮಾಡರೇಶನ್ ಇದರ ಜೋಡಿ. ಆರ್‌ಎಕ್ಸ್ ಯುಸೆಕ್ಸ್ ಎಂಬುದನ್ನು (ಎರಡು ಇಂಟರಪ್ಟ್‌ಗಳ ನಡುವಿನ ಕನಿಷ್ಠ ಅಂತರ, ಮೈಕ್ರೋಸೆಕೆಂಡುಗಳಲ್ಲಿ) 50 ಎಂದಿಟ್ಟರೆ ಒಂದು ಕ್ಯೂನಿಂದ ಸೆಕೆಂಡಿಗೆ ಹೆಚ್ಚೆಂದರೆ 20,000 ಇಂಟರಪ್ಟ್ ಬರುತ್ತವೆ. ಆ 50 ಮೈಕ್ರೋಸೆಕೆಂಡಿನಲ್ಲಿ ಪೂರ್ಣ ಗಾತ್ರದ ಪ್ಯಾಕೆಟ್‌ಗಳಾದರೆ ಸುಮಾರು 40 ಸೇರುತ್ತವೆ, ರಿಂಗ್‌ಗೆ ಏನೂ ಭಾರವಲ್ಲ. 64 ಬೈಟ್‌ಗಳವಾದರೆ 744 ಸೇರುತ್ತವೆ, 512ರ ರಿಂಗ್ ಇಂಟರಪ್ಟ್ ಬರುವ ಮೊದಲೇ ತುಂಬಿಹೋಗಿರುತ್ತದೆ. ಅಂದರೆ ಈ ಎರಡನ್ನೂ ಬಿಡಿಬಿಡಿಯಾಗಿ ಹೊಂದಿಸಲಾಗದು. ನಿಮ್ಮದು ಬ್ಯಾಕಪ್, ಪ್ಯಾಕೆಟ್‌ಗಳು ದೊಡ್ಡವು, ವಿಳಂಬ ಮುಖ್ಯವಲ್ಲ. ಆದ್ದರಿಂದ ಮೊದಲಿಗೆ ಇರುವ ಸ್ವಯಂಹೊಂದಾಣಿಕೆಯನ್ನೇ ಬಿಡಿ. ಐಎಕ್ಸ್‌ಜಿಬಿಇಯಲ್ಲಿ ಆರ್‌ಎಕ್ಸ್ ಯುಸೆಕ್ಸ್ 1 ಎಂದು ಕಂಡರೆ ಒಂದು ಮೈಕ್ರೋಸೆಕೆಂಡು ಎಂದು ಗಾಬರಿಪಡಬೇಡಿ. ಆ ಡ್ರೈವರ್‌ನಲ್ಲಿ 1 ಎಂದರೆ ಸ್ವಯಂಹೊಂದಾಣಿಕೆ ಚಾಲನೆಯಲ್ಲಿದೆ ಎಂದರ್ಥ. ಅದರಿಂದ ಪ್ರೊಸೆಸರ್ ಹೊರೆ ಇಳಿಯದಿದ್ದರೆ 50ರಿಂದ 100ರ ನಡುವೆ ಒಂದು ನಿಶ್ಚಿತ ಬೆಲೆ ಕೊಟ್ಟು ನೋಡಬಹುದು. ಮಾಡರೇಶನ್ ಪೂರ್ತಿ ತೆಗೆಯುವುದು, ಒಂದೊಂದು ಸಣ್ಣ ಕೋರಿಕೆಗೂ ತಕ್ಷಣ ಉತ್ತರ ಬೇಕಿರುವ, ಕೋರ್‌ಗಳನ್ನು ಅದಕ್ಕೆಂದೇ ಮೀಸಲಿಟ್ಟಿರುವ ಯಂತ್ರಗಳಿಗೆ ಸರಿ. ನಾಪಿ ಇರುವುದರಿಂದ ತೀವ್ರ ಹೊರೆಯಲ್ಲಿ ಇಂಟರಪ್ಟ್‌ಗಳು ತಾವಾಗಿಯೇ ಕಡಿಮೆಯಾಗುತ್ತವೆ ನಿಜ, ಆದರೆ ಮಧ್ಯಮ ಹೊರೆಯಲ್ಲಿ ಕೋರ್ ಬಂದು ಹೋಗುವುದರಲ್ಲೇ ದಣಿಯುತ್ತದೆ.

ಪ್ರಾಕ್ ಅಡಿಯ ಸಾಫ್ಟ್‌ನೆಟ್ ಸ್ಟ್ಯಾಟ್ ಕಡತವನ್ನೂ ಒಮ್ಮೆ ನೋಡಿ. ಕೋರ್‌ಗೊಂದು ಸಾಲು, ಅಂಕಿಗಳು ಹದಿನಾರರ ಆಧಾರದವು. ಮೂರನೆಯ ಕಾಲಂ ಏರುತ್ತಿದ್ದರೆ ರಿಂಗ್‌ನಲ್ಲಿ ಕೆಲಸ ಬಾಕಿ ಇದ್ದಾಗಲೇ ಸಾಫ್ಟ್‌ಐಆರ್‌ಕ್ಯೂ ತನ್ನ ಪಾಲು ಮುಗಿಸಿ ಎದ್ದುಹೋಗುತ್ತಿದೆ. ಆಗ ನೆಟ್‌ಡೆವ್ ಬಜೆಟ್ ಎಂಬ ಕರ್ನಲ್ ಮಿತಿಯನ್ನು 300ರಿಂದ 600ಕ್ಕೆ ಏರಿಸುವುದು ಸಮಂಜಸ. ಅದರ ಜೊತೆಯ ಕಾಲಮಿತಿಯನ್ನೂ ಏರಿಸದಿದ್ದರೆ ಮಾತ್ರ ಫಲ ಕಾಣದೆ ಹೋಗಬಹುದು.

ಆಫ್‌ಲೋಡ್‌ಗಳನ್ನು, ಅಂದರೆ ಟಿಎಸ್‌ಒ (ಕಳಿಸುವ ದೊಡ್ಡ ತುಣುಕನ್ನು ಕಾರ್ಡೇ ಒಡೆಯುವುದು), ಜಿಆರ್‌ಒ (ಬಂದ ಪ್ಯಾಕೆಟ್‌ಗಳನ್ನು ಕರ್ನಲ್ ಒಟ್ಟುಗೂಡಿಸುವುದು), ಚೆಕ್‌ಸಮ್ ಇವನ್ನು, ಚಾಲನೆಯಲ್ಲೇ ಇಡಿ. ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ನಲ್ಲಿ ಎಂಟಿಯುಗಿಂತ (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ದೊಡ್ಡ ಪ್ಯಾಕೆಟ್ ಅಥವಾ ತಪ್ಪು ಚೆಕ್‌ಸಮ್ ಕಂಡಿತೆಂದು ಅವನ್ನು ಆರಿಸಿಬಿಡುವವರಿದ್ದಾರೆ. ಕಾರ್ಡ್ ಚೆಕ್‌ಸಮ್ ಹಾಕುವ ಮೊದಲೇ, ತುಂಡು ಮಾಡುವ ಮೊದಲೇ ಟಿಸಿಪಿಡಂಪ್ ನೋಡುತ್ತಿರುವುದರಿಂದ ಹಾಗೆ ಕಾಣುತ್ತದೆ, ತಂತಿಯ ಮೇಲೆ ಎಲ್ಲ ಸರಿಯಾಗಿಯೇ ಇರುತ್ತದೆ. ಬಂದ ಪ್ಯಾಕೆಟ್‌ಗಳನ್ನು ಕಾರ್ಡಿನಲ್ಲೇ ಒಟ್ಟುಗೂಡಿಸುವ ಎಲ್‌ಆರ್‌ಒ ಮಾತ್ರ ಬೇರೆ: ಯಂತ್ರ ರೂಟರ್ ಅಥವಾ ಬ್ರಿಡ್ಜ್ ಆಗಿ ಕೆಲಸ ಮಾಡುತ್ತಿದ್ದರೆ ಅದು ಇರಕೂಡದು.

ಜಂಬೋ ಫ್ರೇಮ್ (1500ರ ಬದಲು 9000 ಬೈಟ್‌ಗಳ ದೊಡ್ಡ ಫ್ರೇಮ್) ಬಗ್ಗೆ ನೀವು ಕೇಳಿಲ್ಲ, ಆದರೆ ಬ್ಯಾಕಪ್ ಜಾಲಕ್ಕೆ ಅದು ಉಳಿದೆಲ್ಲಕ್ಕಿಂತ ಹೆಚ್ಚು ಫಲ ಕೊಡಬಹುದು. 1500ರ ಎಂಟಿಯುನಲ್ಲಿ ಟಿಸಿಪಿಗೆ ಸಿಗುವ ಗರಿಷ್ಠ ವೇಗ 9.4 ಗಿಗಾಬಿಟ್, 9000ರಲ್ಲಿ 9.9. ಈ ಅರ್ಧ ಗಿಗಾಬಿಟ್‌ಗಿಂತ ಮುಖ್ಯವಾದದ್ದು, ಪ್ಯಾಕೆಟ್‌ಗಳ ಸಂಖ್ಯೆ ಆರರಲ್ಲಿ ಒಂದಕ್ಕೆ ಇಳಿಯುವುದು. ದಾರಿಯ ಪ್ರತಿ ಸ್ವಿಚ್, ಪ್ರತಿ ಯಂತ್ರ ಇದನ್ನು ಒಪ್ಪಬೇಕು. ತುಂಡು ಮಾಡಬಾರದೆಂಬ ಸೂಚನೆಯೊಂದಿಗೆ 8972 ಬೈಟ್‌ಗಳ ಪಿಂಗ್ ಕಳಿಸಿ ಖಚಿತಪಡಿಸಿಕೊಳ್ಳಿ. ಪಾಸ್ ಫ್ರೇಮ್‌ಗಳ ವಿಷಯದಲ್ಲಿ ನನ್ನ ಒಲವು, ಹಂಚಿಕೊಂಡ ಸ್ವಿಚ್‌ನಲ್ಲಿ ಅವನ್ನು ಆರಿಸಿಡುವ ಕಡೆಗೆ. ಒಂದು ನಿಧಾನದ ಸರ್ವರ್ ಸ್ವಿಚ್‌ನ ಬಫರ್‌ಗಳನ್ನು ಕಟ್ಟಿಹಾಕಿ ಸಂಬಂಧವಿಲ್ಲದವರನ್ನೂ ನಿಲ್ಲಿಸುವುದಕ್ಕಿಂತ, ಡ್ರಾಪ್ ಕಂಡ ಟಿಸಿಪಿ ತಾನೇ ವೇಗ ತಗ್ಗಿಸುವುದು ಲೇಸು.

ಈಥ್‌ಟೂಲ್‌ನಿಂದ ಮಾಡಿದ ಬದಲಾವಣೆಗಳು ಯಂತ್ರ ಮರುಚಾಲನೆಯಾದರೆ ಉಳಿಯುವುದಿಲ್ಲ. ಪ್ರಯೋಗದ ಹಂತದಲ್ಲಿ ಇದು ಅನುಕೂಲವೇ: ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಒಂದು ಪೂರ್ತಿ ಬ್ಯಾಕಪ್ ಮುಗಿಯುವ ತನಕ ಬಿಟ್ಟು, ಕೌಂಟರ್‌ನ ವ್ಯತ್ಯಾಸ ಬರೆದಿಟ್ಟುಕೊಳ್ಳಿ. ನಿರ್ಧಾರವಾದ ಮೇಲೆ ಸಿಸ್ಟಮ್‌ಡಿಯ ಲಿಂಕ್ ಕಡತದಲ್ಲಾಗಲಿ ನೆಟ್‌ವರ್ಕ್‌ಮ್ಯಾನೇಜರ್‌ನ ಸಂಪರ್ಕ ವಿವರದಲ್ಲಾಗಲಿ ಅವನ್ನು ನಮೂದಿಸಿ, ಎರಡರಲ್ಲೂ ಒಟ್ಟಿಗೆ ಬೇಡ. ಮಾಡ್ಯೂಲ್ ಆಯ್ಕೆಗಳ ಕಡತದಲ್ಲಿರುವ ಆ ಹಳೆಯ ಸಾಲನ್ನು ಈಗಲೇ ಅಳಿಸಿ, ಏಕೆಂದರೆ ಮುಂದೆಂದಾದರೂ ಯಾರಾದರೂ ಇಂಟೆಲ್‌ನ ಪ್ರತ್ಯೇಕ ಡ್ರೈವರನ್ನು ಹಾಕಿದರೆ ಅಂದು ಅದು ಯಾರ ಗಮನಕ್ಕೂ ಬಾರದೆ ಜಾರಿಗೆ ಬರುತ್ತದೆ.